ಸಂಪಾಜೆಯ ಏರಿನಲ್ಲಿ ಉಸಿರು ಕಟ್ಟುವ ಎಂಜಿನ್‌ಗಳು

ಪುತ್ತೂರು, ಸುಳ್ಯ, ಕಡಬದ ಗ್ಯಾರೇಜುಗಳಿಗೆ ಡೀಸೆಲ್ ಗಾಡಿಯ ದೂರು ಬರುವುದು ಹೆಚ್ಚಾಗಿ ಒಂದೇ ಧಾಟಿಯಲ್ಲಿ: “ಕೆಳಗೆ ಎಂತದೂ ತೊಂದರೆ ಇಲ್ಲ ಮಾರಾಯ್ರೆ, ಸಂಪಾಜೆ ಗೇಟ್ ದಾಟಿದ ಮೇಲೆ ಎಳೆಯುದೇ ಇಲ್ಲ.” ಶಿರಾಡಿ ಕಡೆ ಹೋಗುವವರು ಸಂಪಾಜೆಯ ಬದಲು ಗುಂಡ್ಯ ಎನ್ನುತ್ತಾರೆ, ಬಿಸಿಲೆ ಘಾಟಿಯವರು ಕುಲ್ಕುಂದ ಎನ್ನುತ್ತಾರೆ. ದೂರಿನ ಉಳಿದ ಭಾಗವೂ ಪರಿಚಿತವೇ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೇ ಗೇರು ಬೇಕು. ಎಕ್ಸಲೇಟರ್ ಪೂರ್ತಿ ಅದುಮಿದರೂ ವೇಗ ಏರುವುದಿಲ್ಲ, ಹಿಂದಿನಿಂದ ಕರಿಹೊಗೆ, ಒಮ್ಮೊಮ್ಮೆ ಮೀಟರಿನಲ್ಲಿ ಹಳದಿ ಲೈಟು. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ; ನಾಲ್ಕು ತಿರುವು ಕಳೆದ ಮೇಲೆ ಮತ್ತೆ ಅದೇ ಕತೆ. ಇಷ್ಟು ಕೇಳಿದ ಕೂಡಲೇ ಪೇಟೆಯಲ್ಲಿ ಸಿಗುವ ಉತ್ತರ, “ಟರ್ಬೋ ಹೋಗಿದೆ.”

ಬಹಳ ಸಲ ಟರ್ಬೋ ಹೋಗಿರುವುದಿಲ್ಲ. ಟರ್ಬೋಗೆ ಎಷ್ಟು ಗಾಳಿ ಒತ್ತಬೇಕೆಂದು ಹೇಳುವ ವ್ಯವಸ್ಥೆಯಲ್ಲಿ ಎಲ್ಲೋ ಒಂದು ಕಡೆ ಹಿಡಿತ ತಪ್ಪಿರುತ್ತದೆ. ಒಡೆದ ಹೋಸ್ ಪೈಪು, ಸಡಿಲಾದ ಕ್ಲಾಂಪು, ಇಲಿ ಕಡಿದ ವ್ಯಾಕ್ಯೂಮ್ ಟ್ಯೂಬು, ಮಸಿ ಹಿಡಿದ ಕವಾಟ, ಸುಳ್ಳು ಹೇಳುವ ಸೆನ್ಸರು. ಇವುಗಳಲ್ಲಿ ಹೆಚ್ಚಿನವು ಟರ್ಬೋದ ಬೆಲೆಯ ಸಣ್ಣ ಪಾಲಿಗೆ ಸರಿಯಾಗುವಂಥವು. ಅಡಕೆ ತೋಟ, ರಬ್ಬರ್ ಶೀಟು, ಕೆಂಪುಕಲ್ಲು, ಶಾಲೆಯ ಮಕ್ಕಳು ಎಂದು ಒಂದೇ ಪಿಕಪ್ಪನ್ನೋ ಜೀಪನ್ನೋ ನೆಚ್ಚಿ ಬದುಕುವ ಮನೆಗಳು ಈ ಮೂರು ತಾಲೂಕಿನಲ್ಲಿ ಸಾಕಷ್ಟಿವೆ. ಅಂಥ ಮನೆಗೆ ಬೇಡದ ಟರ್ಬೋ ಒಂದನ್ನು ಕೊಳ್ಳುವುದೆಂದರೆ ಒಂದು ತಿಂಗಳ ದುಡಿಮೆಗೂ ಮಿಕ್ಕಿದ ಖರ್ಚು. ಅದನ್ನು ಹಾಕಿಸಿದ ಮೇಲೂ ಗಾಡಿ ಅದೇ ತಿರುವಿನಲ್ಲಿ ಏದುಸಿರು ಬಿಟ್ಟರೆ ಆಗುವ ಸಂಕಟ ಬೇರೆ.

ಕೆಳಗೆ ಸರಿ ಇದ್ದ ಗಾಡಿ ಮೇಲೇಕೆ ಸೋಲುತ್ತದೆ ಎಂಬುದನ್ನು ಮೊದಲು ನೋಡಬೇಕು. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಸುಮಾರು 14.5 ಕಿಲೋ ಗಾಳಿ ಬೇಕು. ಸಮುದ್ರಮಟ್ಟದಲ್ಲಿ ಅಷ್ಟು ಗಾಳಿ ಸುಮಾರು 12 ಘನ ಮೀಟರ್ ಜಾಗ ಹಿಡಿಯುತ್ತದೆ. ಪುತ್ತೂರಿನಲ್ಲಿ ವಾತಾವರಣದ ಒತ್ತಡ ಹೆಚ್ಚುಕಡಿಮೆ 1,000 ಮಿಲಿಬಾರ್. ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಅದು 880ರ ಆಸುಪಾಸಿಗೆ ಇಳಿಯುತ್ತದೆ. ಎಂಟನೆಯ ಒಂದು ಪಾಲು ಗಾಳಿ ದಾರಿಯಲ್ಲೇ ಕಡಿಮೆಯಾಯಿತು ಎಂದಾಯಿತು. ಎಂಜಿನ್ನಿಗೆ 2,000 ಮಿಲಿಬಾರ್ ಗಾಳಿ ಬೇಕಿದ್ದರೆ ಪುತ್ತೂರಿನಲ್ಲಿ ಟರ್ಬೋ ಹೊರಗಿನ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು. ಮಡಿಕೇರಿ ಹತ್ತಿರ ಬಂದಾಗ 2.27 ಪಟ್ಟು ಒತ್ತಬೇಕು. ಅದಕ್ಕಾಗಿ ಟರ್ಬೋ ಇನ್ನೂ ಜೋರಾಗಿ ತಿರುಗಬೇಕು, ಅದೂ ಗಾಡಿ ಲೋಡು ಹೊತ್ತು ಏರುತ್ತಿರುವ ಹೊತ್ತಿಗೆ. ಬೊಳುವಾರಿನಿಂದ ದರ್ಬೆಗೆ ಹೋಗಿ ಬರುವಾಗ ಪೈಪಿನ ಸಣ್ಣ ಬಿರುಕಿನಿಂದ ಸೋರುವ ಗಾಳಿಯನ್ನು ಟರ್ಬೋ ತುಂಬಿಕೊಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಹಾಗೆ ತುಂಬಿಕೊಡಲು ಅದರಲ್ಲಿ ಮಿಗತೆ ಶಕ್ತಿ ಉಳಿದಿರುವುದಿಲ್ಲ. ಹೀಗಾಗಿ ದೋಷ ಹುಟ್ಟಿದ್ದು ಕೆಳಗೆ, ಕಾಣಿಸಿಕೊಂಡದ್ದು ಮೇಲೆ. ಗ್ಯಾರೇಜಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಖಾಲಿ ರೇಸ್ ಮಾಡಿ ನೋಡಿದರೆ ಅದು ಸಿಗುವುದು ಕಷ್ಟ.

ಸರ್ವಿಸ್ ಜೀಪುಗಳ ಕಾಲದಲ್ಲಿ ಈ ಗೊಡವೆ ಇರಲಿಲ್ಲ. ಒಳಗೆ ಇರಬೇಕಾದಷ್ಟು ಜನ, ಹಿಂದೆ ನೇತಾಡುವ ಅಷ್ಟೇ ಜನ ಹೊತ್ತು ಹಳ್ಳಿಯ ಏರು ಹತ್ತುತ್ತಿದ್ದ ಆ ಜೀಪುಗಳ ಎಂಜಿನ್ನಿಗೆ ಟರ್ಬೋ ಇರಲಿಲ್ಲ. ತಾನೇ ಎಳೆದುಕೊಂಡಷ್ಟು ಗಾಳಿಯಲ್ಲಿ ದುಡಿಯುತ್ತಿದ್ದವು. ಮೇಲೇರಿದಷ್ಟೂ ಶಕ್ತಿ ಕಡಿಮೆಯಾಗುತ್ತಿತ್ತು, ಚಾಲಕ ಗೇರು ಇಳಿಸಿಕೊಳ್ಳುತ್ತಿದ್ದ, ಅಷ್ಟೇ. ಪಂಪು, ನಾಜಲ್, ಕಂಪ್ರೆಶನ್ ಎಂಬ ಮೂರನ್ನು ಕಿವಿಯಿಂದಲೇ ತೂಗುವ ಮೆಕ್ಯಾನಿಕ್‌ಗಳು ಊರೂರಲ್ಲಿ ತಯಾರಾದರು. ಅವರ ಕಿವಿ ಇಂದಿಗೂ ಬೆಲೆಬಾಳುವಂಥದ್ದು. ಆದರೆ ಕಂಪ್ಯೂಟರು ಕೇಳಿದ ಗಾಳಿಗೂ ಸಿಕ್ಕ ಗಾಳಿಗೂ ನಡುವೆ ಎಷ್ಟು ಅಂತರ ಎಂಬುದು ಕಿವಿಗೆ ಕೇಳಿಸುವಂಥದ್ದಲ್ಲ.

ಹೊರಬಿದ್ದು ಹಾಳಾಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿ ಒತ್ತಬಹುದೆಂದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಪೇಟೆಂಟ್ ಪಡೆದದ್ದು 1905ರಲ್ಲಿ. ಅದು ಹಡಗಿನ ಎಂಜಿನ್ನುಗಳಲ್ಲಿ ಕೆಲಸಕ್ಕೆ ಬಂದದ್ದು 1920ರ ದಶಕದಲ್ಲಿ. ನಮ್ಮ ಕಡೆಯ ಜನ ಟರ್ಬೋವನ್ನು ಮೊದಲು ಕಂಡದ್ದು ಬಹುಶಃ ರೈಲಿನಲ್ಲಿ, ಕಂಡದ್ದು ಟರ್ಬೋ ಎಂದು ತಿಳಿಯದೆಯೇ. ಕಡಬ ತಾಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರದ ಕಡೆಗೆ ರೈಲು ಹತ್ತುವ ಏರು 50 ಅಡಿಗೆ 1 ಅಡಿ. ಹಳಿಯ ಮೇಲೆ ಇದು ಕಡಿದಾದ ಏರು. ಅಲ್ಲಿ ಗೂಡ್ಸ್ ರೈಲನ್ನು ಹಿಂದಿನಿಂದ ತಳ್ಳುತ್ತಿದ್ದ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ನುಗಳ ಟರ್ಬೋದಲ್ಲಿ ಒಂದು ಚಂದದ ಉಪಾಯವಿದೆ. ಎಂಜಿನ್ ನಿಧಾನವಾಗಿದ್ದು ಹೊಗೆಗೆ ಬಲ ಸಾಲದಿದ್ದಾಗ ಎಂಜಿನ್ನೇ ಗೇರಿನ ಮೂಲಕ ಟರ್ಬೋವನ್ನು ತಿರುಗಿಸುತ್ತದೆ. ಹೊಗೆಯ ಬಲ ಏರಿದ ಮೇಲೆ ಕ್ಲಚ್ ತಾನಾಗಿ ಬಿಟ್ಟುಕೊಂಡು ಟರ್ಬೋ ಸ್ವತಂತ್ರವಾಗುತ್ತದೆ. ಪಿಕಪ್ಪು, ಕಾರುಗಳಲ್ಲಿ ಇಷ್ಟು ಭಾರದ ಏರ್ಪಾಡಿಗೆ ಜಾಗವಿಲ್ಲ. ಅವುಗಳಲ್ಲಿ ಬೇರೆ ಎರಡು ದಾರಿಗಳಿವೆ, ಗೊಂದಲ ಹುಟ್ಟುವುದೂ ಅಲ್ಲಿಯೇ.

ಒಂದೇ ಟ್ಯೂಬು, ತದ್ವಿರುದ್ಧ ದೋಷ

ಮೊದಲನೆಯದು ವೇಸ್ಟ್‌ಗೇಟ್. ಟರ್ಬೋ ಒತ್ತಿದ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಮಿತಿ ತಲುಪಿದಾಗ ಆ ಒತ್ತಡವೇ ಸಣ್ಣ ಟ್ಯೂಬಿನ ಮೂಲಕ ಆಕ್ಚುಯೇಟರ್ ಎಂಬ ಡಬ್ಬಿಯೊಳಗಿನ ಪೊರೆಯನ್ನು ತಳ್ಳುತ್ತದೆ, ಅದರ ಸರಳು ಒಂದು ಬಾಗಿಲು ತೆರೆಯುತ್ತದೆ, ಹೆಚ್ಚಾದ ಹೊಗೆ ಚಕ್ರವನ್ನು ಬಿಟ್ಟು ಪಕ್ಕದಿಂದ ಹೋಗುತ್ತದೆ. ಎರಡನೆಯದು ವಿಜಿಟಿ. ಇದರಲ್ಲಿ ಟರ್ಬೈನಿನ ಸುತ್ತ ಸಣ್ಣ ರೆಕ್ಕೆಗಳ ಒಂದು ಉಂಗುರವಿದೆ. ರೆಕ್ಕೆಗಳು ಮುಚ್ಚಿಕೊಂಡರೆ ಹೊಗೆಯ ದಾರಿ ಕಿರಿದಾಗಿ ಚಕ್ರಕ್ಕೆ ವೇಗ ಬರುತ್ತದೆ, ತೆರೆದುಕೊಂಡರೆ ವೇಗ ಇಳಿಯುತ್ತದೆ. ಬಹಳಷ್ಟು ಗಾಡಿಗಳಲ್ಲಿ ಈ ರೆಕ್ಕೆಗಳನ್ನು ಮುಚ್ಚುವುದು ವ್ಯಾಕ್ಯೂಮ್. ಪಂಪು ವ್ಯಾಕ್ಯೂಮ್ ತಯಾರಿಸುತ್ತದೆ. ಎಷ್ಟು ಬಿಡಬೇಕೆಂದು ಗಾಡಿಯ ಕಂಪ್ಯೂಟರಾದ ಇಸಿಯು ಹೇಳಿದಂತೆ ಒಂದು ಸೊಲೆನಾಯ್ಡ್ ವಾಲ್ವು ಬಿಡುತ್ತದೆ. ಒಂದೇ ಹೆಸರಿನ ಎಂಜಿನ್ನಿನಲ್ಲೂ ಎರಡೂ ಬಗೆ ಇರಬಹುದು. ಮಾರುತಿಯ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿ ಸಾದಾ ಟರ್ಬೋದೊಂದಿಗೂ ಎರ್ಟಿಗಾದಲ್ಲಿ ವಿಜಿಟಿಯೊಂದಿಗೂ ಬಂದಿತ್ತು.

ಈಗ ಎರಡರಲ್ಲೂ ಆಕ್ಚುಯೇಟರಿಗೆ ಹೋಗುವ ಟ್ಯೂಬು ತುಂಡಾಯಿತು ಎನ್ನಿ. ವೇಸ್ಟ್‌ಗೇಟ್ ಗಾಡಿಯಲ್ಲಿ ಬಾಗಿಲು ತೆರೆಯಲು ಒತ್ತಡವೇ ತಲುಪುವುದಿಲ್ಲ, ಬೂಸ್ಟ್ ಮಿತಿ ಮೀರುತ್ತದೆ. ವ್ಯಾಕ್ಯೂಮ್ ವಿಜಿಟಿಯಲ್ಲಿ ರೆಕ್ಕೆ ಮುಚ್ಚಲು ವ್ಯಾಕ್ಯೂಮ್ ತಲುಪುವುದಿಲ್ಲ, ಬೂಸ್ಟ್ ಏರುವುದೇ ಇಲ್ಲ. ಸ್ಕ್ಯಾನರಿನಲ್ಲಿ ಮೊದಲನೆಯದು ಪಿ0234 ಎಂದೂ ಎರಡನೆಯದು ಪಿ0299 ಎಂದೂ ಕಾಣುತ್ತದೆ. ಕೋಡ್ ಹೇಳುವುದು ಬೂಸ್ಟ್ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ ಎಂದು ಮಾತ್ರ. ಯಾವ ಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ, ಟರ್ಬೋ ಬದಲಿಸಿ ಎಂದಂತೂ ಹೇಳುವುದೇ ಇಲ್ಲ. ಕೋಡ್ ನೋಡಿದ ಕೂಡಲೇ ಟರ್ಬೋಗೆ ಆರ್ಡರ್ ಹಾಕುವವರ ಮೇಲೆ ನನಗಿರುವ ಸಿಟ್ಟು ಇಲ್ಲಿಯದು.

ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುವ ಗಾಡಿಯ ಗುಟ್ಟೂ ಇಲ್ಲಿದೆ. ಪೇಟೆಯೊಳಗೆ ಕಡಿಮೆ ವೇಗದಲ್ಲಿ, ಸಣ್ಣ ಸಣ್ಣ ದೂರ ಮಾತ್ರ ಓಡುವ ಗಾಡಿಯ ವಿಜಿಟಿ ರೆಕ್ಕೆಗಳಲ್ಲಿ ಮಸಿ ಕೂರುತ್ತದೆ. ಒಂದು ದಿನ ಅದೇ ಗಾಡಿ ಘಾಟಿ ಹತ್ತುವಾಗ ರೆಕ್ಕೆಗಳು ಮುಚ್ಚಿಕೊಂಡಲ್ಲೇ ಕಚ್ಚಿಕೊಳ್ಳುತ್ತವೆ, ಬೂಸ್ಟ್ ಒಮ್ಮೆಲೇ ಜಿಗಿಯುತ್ತದೆ. ಎಂಜಿನ್ನನ್ನು ಉಳಿಸಲು ಇಸಿಯು ಡೀಸೆಲನ್ನು ತಗ್ಗಿಸಿ ಗಾಡಿಯನ್ನು ಲಿಂಪ್ ಮೋಡಿಗೆ ತಳ್ಳುತ್ತದೆ. ಕೀ ತಿರುಗಿಸಿದಾಗ ಎಣಿಕೆ ಹೊಸದಾಗಿ ಶುರುವಾಗುತ್ತದೆ, ರೆಕ್ಕೆ ಮಾತ್ರ ಹಾಗೆಯೇ ಇರುತ್ತದೆ. ಚಾಲಕನಿಗೆ ಎರಡೂ ದೋಷ ಒಂದೇ ಥರ ಅನ್ನಿಸುತ್ತದೆ, ‘ಎಳೆಯುದಿಲ್ಲ’. ಬೂಸ್ಟ್ ಕಡಿಮೆಯಾಗಿ ಎಳೆಯದಿರುವುದು ಬೇರೆ, ಹೆಚ್ಚಾಗಿ ಎಳೆಯದಿರುವುದು ಬೇರೆ.

ಮೊದಲ ಪರೀಕ್ಷೆಗೆ ಸ್ಪ್ಯಾನರ್ ಬೇಡ

ಪತ್ತೆಯ ಕೆಲಸ ಶುರುವಾಗಬೇಕಾದದ್ದು ಎಂಜಿನ್ ಸ್ಟಾರ್ಟ್ ಮಾಡುವ ಮೊದಲು. ಕೀ ಆನ್, ಎಂಜಿನ್ ಆಫ್. ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆದು ಬೂಸ್ಟ್ ಪ್ರೆಶರ್ ನೋಡಬೇಕು. ಎಂಜಿನ್ ಓಡುತ್ತಿಲ್ಲ, ಆದ್ದರಿಂದ ಪೈಪಿನೊಳಗೂ ಹೊರಗೂ ಒಂದೇ ಗಾಳಿ. ಪುತ್ತೂರಿನಲ್ಲಿ ಅದು 1,000 ಮಿಲಿಬಾರ್ ಹತ್ತಿರ ಇರಬೇಕು, ಮಡಿಕೇರಿಯಲ್ಲಿ ನೋಡಿದರೆ 880 ಹತ್ತಿರ. ವಾತಾವರಣದ ಒತ್ತಡವನ್ನು ಬೇರೆಯಾಗಿ ತೋರಿಸುವ ಗಾಡಿಗಳಲ್ಲಿ ಎರಡು ಅಂಕಿಗಳೂ ಹೊಂದಬೇಕು. ಪುತ್ತೂರಿನಲ್ಲಿ ನಿಂತ ಗಾಡಿ 1,200 ಎಂದೋ 800 ಎಂದೋ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗ್ ತಪ್ಪು ಹೇಳುತ್ತಿದೆ. ಆ ಸುಳ್ಳನ್ನು ನಂಬಿಯೇ ಇಸಿಯು ಇಡೀ ಲೆಕ್ಕ ಮಾಡುತ್ತದೆ. ಸೆನ್ಸರಿನ ಮೂಗು ಮಸಿ ಮತ್ತು ಎಣ್ಣೆಯಿಂದ ಕಟ್ಟಿಕೊಂಡಿರುವುದು ಸಾಮಾನ್ಯ, ತೆಗೆದು ಒರೆಸಿದರೂ ಎಷ್ಟೋ ಸಲ ಸರಿಹೋಗುತ್ತದೆ. ಮಳೆ 4,000 ಮಿಲಿಮೀಟರಿನ ಆಸುಪಾಸು ಸುರಿಯುವ ಈ ಸೀಮೆಯಲ್ಲಿ ಕನೆಕ್ಟರಿನ ಪಿನ್ನು ಹಸಿರುಗಟ್ಟಿದೆಯೇ ಎಂದು ನೋಡುವುದೂ ಅಷ್ಟೇ ಮುಖ್ಯ.

ಅಂಕಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸ್ಕ್ಯಾನರು ತೋರಿಸುವ 2,000 ಮಿಲಿಬಾರ್ ಎಂದರೆ ವಾತಾವರಣವನ್ನೂ ಸೇರಿಸಿದ ಒತ್ತಡ. ಗೇಜಿನಲ್ಲಿ ಅದು ಒಂದು ಬಾರ್ ಮಾತ್ರ. ಇದನ್ನು ಮರೆತು, ಗಾಡಿ ನಿಂತಿರುವಾಗಲೇ ಒಂದು ಬಾರ್ ತೋರಿಸುತ್ತಿದೆ, ಏನೋ ದೋಷವಿದೆ ಎಂದು ಹೆದರುವುದುಂಟು.

ನಂತರದ್ದು ಕಣ್ಣು, ಕೈಯ ಕೆಲಸ. ಏರ್ ಫಿಲ್ಟರಿನಿಂದ ಶುರು ಮಾಡಬೇಕು. ಕೆಂಪುಕಲ್ಲು ಸಾಗಿಸುವ ಗಾಡಿಯ ಫಿಲ್ಟರ್ ಬೇಸಿಗೆಯಲ್ಲಿ ಪುಸ್ತಕ ಹೇಳುವಷ್ಟು ಕಿಲೋಮೀಟರ್ ಬಾಳುವುದಿಲ್ಲ. ಆಮೇಲೆ ಟರ್ಬೋದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಬರುವ ದಪ್ಪ ಹೋಸುಗಳು. ಒತ್ತಿದ ಗಾಳಿ 100 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗಿರುತ್ತದೆ, ಜೊತೆಗೆ ಎಂಜಿನ್ನಿನ ಬ್ರೀದರಿನಿಂದ ಬರುವ ಎಣ್ಣೆಯ ಆವಿಯೂ ಅದೇ ದಾರಿಯಲ್ಲಿ ಹೋಗುತ್ತದೆ. ಹೋಸಿನೊಳಗೆ ತೆಳ್ಳಗೆ ಎಣ್ಣೆ ಇದ್ದ ಮಾತ್ರಕ್ಕೆ ಟರ್ಬೋ ಸತ್ತಿತು ಎನ್ನಬಾರದು. ಆದರೆ ಹೊರಮೈಯಲ್ಲಿ ಒಂದೇ ಕಡೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಸೋರುವ ಜಾಗ ಬಹುಪಾಲು ಅದೇ. ಬಿರುಕು ಬರುವುದು ಹೆಚ್ಚಾಗಿ ಕಣ್ಣಿಗೆ ಕಾಣದ ತಳಭಾಗದಲ್ಲಿ, ಹೋಸು ಬ್ರಾಕೆಟಿಗೋ ಬಾಡಿಗೋ ಉಜ್ಜುವಲ್ಲಿ. ಹೋಸನ್ನು ಎರಡು ಕೈಯಿಂದ ಬಾಗಿಸಿ, ಕೆಳಗಡೆ ಬೆರಳಾಡಿಸಿ ನೋಡಬೇಕು. ಎಂಜಿನ್ ತಣ್ಣಗಿರುವಾಗ ತುಟಿ ಮುಚ್ಚಿಕೊಂಡಿರುವ ಬಿರುಕು ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಆಗ ಟರ್ಬೋದ ಬಾಯಿಗೆ ಬಿರಡೆ ಹಾಕಿ, ರೆಗ್ಯುಲೇಟರ್ ಇರುವ ಕಂಪ್ರೆಸರಿನಿಂದ ಗಾಡಿಯ ಮಾಮೂಲು ಬೂಸ್ಟ್ ಮೀರದಂತೆ ಗಾಳಿ ಬಿಟ್ಟು, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ತೋರಿಸುತ್ತದೆ. ಟಯರ್ ಪಂಕ್ಚರ್ ನೋಡುವ ಎಲ್ಲರಿಗೂ ಗೊತ್ತಿರುವ ವಿದ್ಯೆ ಇದು. ಹೀಗಿದ್ದೂ ಟರ್ಬೋ ಬಿಚ್ಚುವ ಮೊದಲು ಇಷ್ಟು ಮಾಡುವವರು ಕಡಿಮೆ.

ವ್ಯಾಕ್ಯೂಮ್ ಟ್ಯೂಬುಗಳು ಇನ್ನೂ ಸಣ್ಣವು, ಕಿರುಬೆರಳಿಗಿಂತ ತೆಳು. ಅಡಕೆ ಸಿಪ್ಪೆಯ ರಾಶಿ, ರಬ್ಬರ್ ಶೀಟಿನ ಹೊಗೆಮನೆ, ಹಟ್ಟಿ ಇವುಗಳ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ಬಾನೆಟ್ಟು ಮಳೆಗಾಲದ ಇಲಿಗಳಿಗೆ ಬೆಚ್ಚನೆಯ ಮನೆ. ಅವು ಮೊದಲು ಹಲ್ಲು ಹಾಕುವುದು ಈ ಟ್ಯೂಬಿಗೆ, ವೈರಿಗೆ. ಪಂಪಿನ ಹತ್ತಿರ ವ್ಯಾಕ್ಯೂಮ್ ಗೇಜ್ ಇಟ್ಟರೆ ಸುಸ್ಥಿತಿಯ ಪಂಪು ಪುತ್ತೂರಿನ ಮಟ್ಟದಲ್ಲಿ ಪಾದರಸದ 650ರಿಂದ 700 ಮಿಲಿಮೀಟರ್ ತೋರಿಸಬೇಕು. ಅದೇ ಗೇಜನ್ನು ಸೊಲೆನಾಯ್ಡಿನ ಮುಂಚೆ, ಆಮೇಲೆ, ಆಕ್ಚುಯೇಟರಿನ ಬಳಿ ಎಂದು ಸಾಲಾಗಿ ಇಡುತ್ತಾ ಹೋದರೆ ಎಲ್ಲಿ ಇಳಿಯುತ್ತದೋ ಅಲ್ಲಿ ದೋಷ. ಕೊನೆಗೆ ಕೈಪಂಪಿನಿಂದ ಆಕ್ಚುಯೇಟರಿಗೆ ನೇರ ವ್ಯಾಕ್ಯೂಮ್ ಕೊಟ್ಟರೆ ಸರಳು ತಡವರಿಸದೆ ನಯವಾಗಿ ಚಲಿಸಬೇಕು, ನಿಂತಲ್ಲಿ ನಿಲ್ಲಬೇಕು, ಬಿಟ್ಟಾಗ ಪೂರ್ತಿ ಹಿಂದಕ್ಕೆ ಬರಬೇಕು. ನಿಲ್ಲದಿದ್ದರೆ ಪೊರೆ ಹರಿದಿದೆ. ನಡುವೆ ಜಗ್ಗಿದರೆ ರೆಕ್ಕೆಗೆ ಮಸಿ ಹಿಡಿದಿದೆ ಅಥವಾ ಸರಳಿನ ಸಂದಿಗೆ ತುಕ್ಕು ಬಿದ್ದಿದೆ.

ಈ ವ್ಯಾಕ್ಯೂಮ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದೆನ್ನಲು ದೊಡ್ಡ ಕಾರಣ ಬ್ರೇಕು. ಇಂಥ ಬಹಳಷ್ಟು ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿಗೂ ಟರ್ಬೋ ಆಕ್ಚುಯೇಟರಿಗೂ ವ್ಯಾಕ್ಯೂಮ್ ಬರುವುದು ಒಂದೇ ಪಂಪಿನಿಂದ. ಪಂಪು ಸೋತಿದ್ದರೆ, ದೊಡ್ಡ ಟ್ಯೂಬು ಸೋರುತ್ತಿದ್ದರೆ, ಹತ್ತುವಾಗ ಪಿಕಪ್ ಇಲ್ಲದ ಅದೇ ಗಾಡಿ ಇಳಿಯುವಾಗ ಬ್ರೇಕ್ ಪೆಡಲ್ ಗಟ್ಟಿ ಎಂದು ಹೇಳಿಸಬಹುದು. ಮದೆನಾಡಿನಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ ಅದರ ಅರ್ಥವೇನೆಂದು ಆ ದಾರಿ ಬಲ್ಲವರಿಗೆ ಹೇಳಬೇಕಾಗಿಲ್ಲ. ‘ಎಳೆಯುದಿಲ್ಲ’ ಎಂದು ಬಂದ ಗಾಡಿಯ ಬ್ರೇಕ್ ಪೆಡಲನ್ನೂ ಒಮ್ಮೆ ತುಳಿದು ನೋಡದೆ ಕಳಿಸಬಾರದು. ಲಿಂಪ್ ಮೋಡಿಗೆ ಬಿದ್ದ ಗಾಡಿಯ ಎಂಜಿನ್ನನ್ನು ಇಳಿಜಾರಿನಲ್ಲಿ ಓಡುತ್ತಿರುವಾಗಲೇ ಆಫ್ ಮಾಡುವ ಸಾಹಸವನ್ನಂತೂ ಯಾರೂ ಮಾಡಬಾರದು.

ಇಷ್ಟಾದ ಮೇಲೆ ರಸ್ತೆ. ಕಡಬದ ಕಡೆಯ ಪಿಕಪ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಾಮೂಲಿನ ಲೋಡು, ಬಿಸಿಲೆಯ ಏರು, ಮೂರನೇ ಗೇರು, 2,000ದ ಸುತ್ತ ಆರ್‌ಪಿಎಂ, ಎಕ್ಸಲೇಟರ್ ಪೂರ್ತಿ. ಓಡಿಸುವವರು ಓಡಿಸಲಿ, ಪಕ್ಕದಲ್ಲಿ ಕೂತವರು ಸ್ಕ್ಯಾನರು ಹಿಡಿಯಲಿ. ಒಬ್ಬರೇ ಎರಡನ್ನೂ ಮಾಡುವುದು ಅಪಾಯ. ನೋಡಬೇಕಾದದ್ದು ನಾಲ್ಕು ಅಂಕಿ: ಇಸಿಯು ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಆಕ್ಚುಯೇಟರಿಗೆ ಹೋಗುತ್ತಿರುವ ಆದೇಶದ ಶೇಕಡಾವಾರು, ಏರ್ ಫ್ಲೋ ಸೆನ್ಸರ್ ಅಳೆದ ಗಾಳಿ. ಕೇಳಿದ್ದು 2,100, ಸಿಕ್ಕಿದ್ದು 1,600, ಆದೇಶ ಆಗಲೇ ತುತ್ತತುದಿಗೆ ಹೋಗಿ ನಿಂತಿದೆ ಎಂದುಕೊಳ್ಳಿ. ಇಸಿಯು ಕೂಗಿ ಕೇಳುತ್ತಿದೆ, ಗಾಳಿ ಬರುತ್ತಿಲ್ಲ. ಈಗ ಏರ್ ಫ್ಲೋ ನೋಡಬೇಕು. ಸೆನ್ಸರ್ ದಾಟಿ ಒಳಗೆ ಹೋದ ಗಾಳಿ ಸಾಕಷ್ಟಿದ್ದೂ ಬೂಸ್ಟ್ ಕಡಿಮೆ ಇದ್ದರೆ, ಒಳಗೆ ಹೋದ ಗಾಳಿ ಟರ್ಬೋ ಮತ್ತು ಎಂಜಿನ್ನಿನ ನಡುವೆ ಎಲ್ಲೋ ಹೊರಬೀಳುತ್ತಿದೆ. ಹೋಸು, ಕ್ಲಾಂಪು, ಇಂಟರ್‌ಕೂಲರು ನೋಡಿ. ಏರ್ ಫ್ಲೋ ಕೂಡ ಕಡಿಮೆಯಿದ್ದರೆ ಗಾಳಿ ಒಳಗೆ ಹೋಗುತ್ತಲೇ ಇಲ್ಲ. ಫಿಲ್ಟರ್ ಕಟ್ಟಿರಬಹುದು, ವ್ಯಾಕ್ಯೂಮ್ ತಲುಪದೆ ರೆಕ್ಕೆ ತೆರೆದೇ ಇರಬಹುದು, ಸುಟ್ಟ ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ಕವಾಟ ತೆರೆದಲ್ಲೇ ಕಚ್ಚಿಕೊಂಡು ಹೊಸ ಗಾಳಿಯ ಜಾಗವನ್ನು ಸುಟ್ಟ ಹೊಗೆ ತುಂಬಿರಬಹುದು, ಹೊಗೆ ಕೊಳವೆ ಮುಂದೆಲ್ಲೋ ಕಟ್ಟಿರಬಹುದು. ಸಿಕ್ಕ ಬೂಸ್ಟ್ ಕೇಳಿದ್ದಕ್ಕೆ ಸರಿಯಾಗಿಯೇ ಇದ್ದು ಗಾಡಿ ಎಳೆಯದಿದ್ದರೆ ಟರ್ಬೋದ ಹತ್ತಿರ ಹೋಗುವುದೇ ಬೇಡ. ಡೀಸೆಲ್ ಫಿಲ್ಟರು, ರೈಲ್ ಪ್ರೆಶರು, ಇಂಜೆಕ್ಟರು, ಕ್ಲಚ್ಚು ನೋಡಬೇಕು.

ಕಂಪ್ಯೂಟರ್ ಇಲ್ಲದ ಹಳೆಯ ಟರ್ಬೋ ಲಾರಿ, ಬಸ್ಸುಗಳಲ್ಲಿ ಡೀಸೆಲ್ ಪಂಪಿನ ಮೇಲೇ ಒಂದು ಪೊರೆಯ ಡಬ್ಬಿ ಇರುತ್ತಿತ್ತು. ಬೂಸ್ಟ್ ಏರಿದಷ್ಟು ಡೀಸೆಲ್ ಹೆಚ್ಚಿಸುವುದು ಅದರ ಕೆಲಸ. ಅದಕ್ಕೆ ಬರುವ ಟ್ಯೂಬು ಬಿಟ್ಟಿದ್ದರೆ ಹೊಗೆಯೂ ಇಲ್ಲ, ಶಕ್ತಿಯೂ ಇಲ್ಲ. ಹೋಸು ಒಡೆದ ಗಾಡಿ ಕರಿಹೊಗೆ ಬಿಡುವುದು, ಪೊರೆ ಹರಿದ ಗಾಡಿ ಹೊಗೆ ಬಿಡದೆ ಸೊರಗುವುದು ಹಳಬರಿಗೆ ಚೆನ್ನಾಗಿ ಗೊತ್ತಿತ್ತು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಕೂಡ ಸೇರಿಕೊಂಡಿತು. ಅದು ಕಟ್ಟಿಕೊಂಡರೆ ಟರ್ಬೋದಾಚೆ ಹೊಗೆಗೆ ದಾರಿಯಿಲ್ಲ, ಬೂಸ್ಟೂ ಬೀಳುತ್ತದೆ. ಒಳಗಿನ ಮಸಿ ಉರಿಯಲು 600 ಡಿಗ್ರಿಯ ಆಸುಪಾಸು ಬಿಸಿ ಬೇಕು. ಮನೆ, ಶಾಲೆ, ಪೇಟೆ ಎಂದು ಓಡುವ ಗಾಡಿಗೆ ಅದು ಸಿಗುವುದಿಲ್ಲ. ವಾರಕ್ಕೊಮ್ಮೆಯಾದರೂ ಉದ್ದದ ಓಟ ಸಿಕ್ಕರೆ ಡಿಪಿಎಫ್‌ಗೂ ವಿಜಿಟಿ ರೆಕ್ಕೆಗೂ ಒಳ್ಳೆಯದು. ಇದರ ಬದಲು ಇಜಿಆರ್‌ಗೆ ತಗಡು ಬಡಿದು ಮುಚ್ಚುವುದು, ಡಿಪಿಎಫ್ ಒಡೆದು ಖಾಲಿ ಮಾಡುವುದು, ಆಕ್ಚುಯೇಟರ್ ಸರಳಿನ ನಟ್ಟು ತಿರುಗಿಸಿ ಬೂಸ್ಟ್ ಏರಿಸುವುದು ನಡೆಯುತ್ತಿದೆ. ನಟ್ಟು ತಿರುಗಿಸಿದ ದಿನ ಗಾಡಿ ಹುರುಪಿನಿಂದ ಓಡುತ್ತದೆ ನಿಜ. ತೆಳು ಗಾಳಿಯಲ್ಲಿ ಟರ್ಬೋ ಮಿತಿಮೀರಿ ತಿರುಗದಂತೆ ಇಸಿಯು ಹಾಕಿಕೊಂಡ ಲೆಕ್ಕವನ್ನು ಆ ನಟ್ಟು ಕೆಡಿಸಿರುತ್ತದೆ. ಸಣ್ಣ ಟರ್ಬೋಗಳ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೀರಿ ತಿರುಗುವಂಥದ್ದು. ಅದರ ಜೊತೆ ಅಂದಾಜಿನ ಕೈಚಳಕ ಸಲ್ಲದು.

ಟರ್ಬೋ ನಿಜವಾಗಿಯೂ ಸಾಯುವುದುಂಟು. ಶಾಫ್ಟಿನ ತುದಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಕೂದಲೆಳೆಯ ಸಡಿಲ ಇರಬಹುದು, ಎಣ್ಣೆಯ ಪದರಕ್ಕೆ ಬಿಟ್ಟ ಜಾಗ ಅದು. ಉದ್ದಕ್ಕೆ ಎಳೆದಾಗ ಕೈಗೆ ಆಟ ಸಿಕ್ಕರೆ, ಚಕ್ರ ಗೂಡಿಗೆ ತಾಗಿದ ಗುರುತಿದ್ದರೆ, ಹೋಸಿನಿಂದ ಎಣ್ಣೆ ಸುರಿದರೆ, ನೀಲಿ ಹೊಗೆ ನಿಲ್ಲದಿದ್ದರೆ ಬದಲಿಸಲೇಬೇಕು. ಬದಲಿಸುವ ಮೊದಲು ಅದೇಕೆ ಸತ್ತಿತು ಎಂದು ಕೇಳದಿದ್ದರೆ ಹೊಸದೂ ಬಾಳುವುದಿಲ್ಲ. ಎಣ್ಣೆ ಬರುವ ಪೈಪಿನಲ್ಲಿ ಕರಿ ಕಟ್ಟಿದೆಯೇ, ಎಣ್ಣೆ ಹಿಂದಿರುಗುವ ಪೈಪು ಬಾಗಿದೆಯೇ, ಆಯಿಲ್ ಬದಲಿಸುವ ಲೆಕ್ಕ ತಪ್ಪಿದೆಯೇ, ಹರಿದ ಏರ್ ಫಿಲ್ಟರಿನಿಂದ ಧೂಳು ನುಗ್ಗಿದೆಯೇ ನೋಡಬೇಕು. ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನು ತೊಳೆದು ತೆಗೆಯಬೇಕು. ಹಾಗೆ ಬಿಟ್ಟರೆ ಎಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು, ಕೀ ಆಫ್ ಮಾಡಿದರೂ ನಿಲ್ಲದೆ ಓಡುವ ಅಪಾಯವಿದೆ. ಘಾಟಿ ಹತ್ತಿ ನಿಲ್ಲಿಸುವಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ ಎಂದು ಚಾಲಕರಿಗೆ ಹೇಳುವುದು ಈ ಎಣ್ಣೆ ಕರಿಗಟ್ಟದಿರಲೆಂದೇ.

ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿದ ತಾಂತ್ರಿಕ ಶಿಕ್ಷಣ ಸಂಸ್ಥೆಗಳಿವೆ, ಪುತ್ತೂರಿನಲ್ಲೂ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ ಇವೆ, ಕೆಎಸ್‌ಆರ್‌ಟಿಸಿಯ ವಿಭಾಗ ಕಚೇರಿಯೂ ಇದೆ. ಊರಿನ ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರನ್ನು ವರ್ಷಕ್ಕೆ ಒಂದು ವಾರ ಕರೆದು ಒಂದು ವ್ಯಾಕ್ಯೂಮ್ ಗೇಜು, ಒಂದು ಸ್ಕ್ಯಾನರು, ಒಂದು ಹಳೆಯ ವಿಜಿಟಿ ಕೈಗೆ ಕೊಟ್ಟು ಕಲಿಸಿದರೆ ಇಡೀ ಸೀಮೆಗೆ ಉಪಕಾರವಾಗುತ್ತದೆ. ಬೇಕಾದ ಸಲಕರಣೆ ದುಬಾರಿಯದ್ದೇನೂ ಅಲ್ಲ.

ರಿಪೇರಿಯ ನಂತರ ಕೋಡ್ ಅಳಿಸಿ ಲೈಟು ಆರಿಸಿ ಗಾಡಿ ಕೊಟ್ಟರೆ ಕೆಲಸ ಮುಗಿದಂತಲ್ಲ. ಮೊದಲು ನೋಡಿದ ಅದೇ ಏರಿಗೆ, ಅದೇ ಲೋಡಿನಲ್ಲಿ, ಅದೇ ಗೇರಿನಲ್ಲಿ ಇನ್ನೊಮ್ಮೆ ಹೋಗಬೇಕು. ಸುಳ್ಯದವರಿಗೆ ಕೊಯನಾಡು ದಾಟಿದ ಮೇಲಿನ ಏರು, ಕಡಬದವರಿಗೆ ಗುಂಡ್ಯದಾಚೆಯ ಅಥವಾ ಕುಲ್ಕುಂದದಾಚೆಯ ಏರು ಹತ್ತಿರದಲ್ಲೇ ಇವೆ. ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್ ಎರಡೂ ಒಂದರ ಹಿಂದೆ ಒಂದು ಏರಿ ಜೊತೆಯಾಗಿ ನಿಂತಿವೆಯೇ, ಆಕ್ಚುಯೇಟರಿನ ಆದೇಶ ತುದಿ ಮುಟ್ಟದೆ ನಡುವಿನಲ್ಲಿ ಆಡುತ್ತಿದೆಯೇ ನೋಡಿ, ರಿಪೇರಿಗೆ ಮೊದಲಿನ ಮತ್ತು ನಂತರದ ಆ ಅಂಕಿಗಳನ್ನು ಬಿಲ್ಲಿನಲ್ಲೇ ಬರೆದುಕೊಡಿ ಎಂದು ಗಾಡಿಯವರು ಕೇಳಬಹುದು. ಬಿಚ್ಚಿದ ಹಳೆಯ ಭಾಗವನ್ನೂ ಕೇಳಿ ಪಡೆಯಬಹುದು.